ಕಂಕಭಟ್ಟನ ಲೆಕ್ಕ

ದ್ಯೂತವೆಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನ ಕಣ್ಣೆದುರು ನಿಲ್ಲುವುದು ಹಸ್ತಿನಾವತಿಯ ಸಭೆ. ಗದುಗಿನ ನಾರಣಪ್ಪನು ಸಭಾಪರ್ವದಲ್ಲಿ ಕಡೆದು ನಿಲ್ಲಿಸಿದ ಆ ಚಿತ್ರದ ಪ್ರಭಾವ ಎಷ್ಟು ಬಲವಾದುದೆಂದರೆ, ಅಲ್ಲಿ ಸರ್ವಸ್ವವನ್ನೂ ಸೋತ ಅದೇ ಧರ್ಮರಾಯನು ಮುಂದೆ ವಿರಾಟನ ಆಸ್ಥಾನದಲ್ಲಿ ಒಂದು ವರ್ಷಕಾಲ ಜೂಜನ್ನೇ ಕಸುಬಾಗಿ ಮಾಡಿಕೊಂಡು ಬದುಕಿದನೆಂಬ ಸಂಗತಿ ನಮ್ಮ ನೆನಪಿನಿಂದ ಹೆಚ್ಚುಕಡಿಮೆ ಜಾರಿಹೋಗಿದೆ. ಸೋತ ಅರಸನನ್ನು ನಾವು ಬಲ್ಲೆವು. ಗೆದ್ದು ಉಂಡ ಕಸುಬುದಾರನನ್ನು ಬಲ್ಲವರು ವಿರಳ. ನಮ್ಮ ವಿಮರ್ಶೆಯೂ ದ್ಯೂತವನ್ನು ವ್ಯಸನವೆಂದು, ವಿಧಿಯೆಂದು, ಧರ್ಮಸಂಕಟವೆಂದು ನೂರು ಬಗೆಯಲ್ಲಿ ವಿಚಾರಿಸಿದೆಯೇ ಹೊರತು, ಅದನ್ನು ಹಣದ ವ್ಯವಹಾರವೆಂದು ಲೆಕ್ಕದ ಪುಸ್ತಕ ತೆರೆದು ನೋಡಿದಂತಿಲ್ಲ.

ಕೆಲವು ವರ್ಷಗಳ ಹಿಂದೆ ಮಾಟುಂಗಾದ ಒಂದು ಸಭಾಂಗಣದಲ್ಲಿ ಕೇಳಿದ ತಾಳಮದ್ದಲೆಯೇ ನನ್ನಲ್ಲಿ ಈ ವಿಚಾರವನ್ನು ಎಬ್ಬಿಸಿದುದು. ವಿರಾಟನ ಅರ್ಥ ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಕಂಕನ ಕಡೆಗೆ ತಿರುಗಿ, "ಭಟ್ಟರೆ, ನೀವು ಗೆದ್ದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಮೈಮೇಲೆ ಕಾಣುವುದಿಲ್ಲವಲ್ಲ!" ಎಂದರು. ಸಭೆ ನಕ್ಕಿತು. ಕಂಕನ ಅರ್ಥಧಾರಿಗಳು ವೈರಾಗ್ಯದ ನಾಲ್ಕು ಮಾತುಗಳನ್ನು ಹೇಳಿ ಪಾರಾದರು. ಆದರೆ ಪ್ರಶ್ನೆ ಸಾಚಾ ಪ್ರಶ್ನೆ. ಅದಕ್ಕೆ ವ್ಯಾಸಭಾರತದಲ್ಲಿ ಸಾಚಾ ಉತ್ತರವೂ ಉಂಟು. ಧರ್ಮರಾಯನು ಜೂಜಿನಲ್ಲಿ ಗೆದ್ದ ಧನವನ್ನು ವಿರಾಟನಿಗೆ ತಿಳಿಯದಂತೆ ತಮ್ಮಂದಿರಿಗೆ ಯಥೋಚಿತವಾಗಿ ಹಂಚುತ್ತಿದ್ದನೆಂದು ವಿರಾಟಪರ್ವ ಸ್ಪಷ್ಟವಾಗಿ ಹೇಳುತ್ತದೆ. ಆಸ್ಥಾನದವರನ್ನು ಅವನು ದಾರ ಕಟ್ಟಿದ ಹಕ್ಕಿಗಳಂತೆ ಮನಬಂದಂತೆ ಆಡಿಸುತ್ತಿದ್ದನೆಂದೂ ಹೇಳುತ್ತದೆ. ಅಡಿಗೆಮನೆಯಲ್ಲಿ ಭೀಮ, ಲಾಯದಲ್ಲಿ ನಕುಲ, ಗೋಶಾಲೆಯಲ್ಲಿ ಸಹದೇವ ದುಡಿಯುತ್ತಿದ್ದಾಗ ಅಣ್ಣನಾದವನು ಸಂಸಾರಕ್ಕೆ ತಂದ ಸಂಪಾದನೆ ಇದು.

ಇನ್ನೂ ಸ್ವಾರಸ್ಯಕರವಾದುದು ಅವನು ಕೆಲಸಕ್ಕೆ ಸೇರುವಾಗ ಒಡ್ಡಿದ ನಿಬಂಧನೆ. ಹೀನಜನರೊಡನೆ ತನಗೆ ವಿವಾದ ಬರಕೂಡದು. ತನ್ನಿಂದ ಸೋತವನು ಸೋತ ಹಣವನ್ನು ತನ್ನಲ್ಲೇ ಇಟ್ಟುಕೊಳ್ಳಕೂಡದು. ಈ ಎರಡನ್ನು ಅವನು ಅರಸನಿಂದ ವರವಾಗಿ ಕೇಳಿಕೊಳ್ಳುತ್ತಾನೆ. ಇದು ಅನುಭವಿಯ ಮಾತು. ಗೆಲ್ಲುವುದು ಒಂದು, ಗೆದ್ದದ್ದು ಕೈಗೆ ಬರುವುದು ಮತ್ತೊಂದು. ಎರಡನೆಯದಕ್ಕೆ ಮೊದಲೇ ಭದ್ರತೆ ಕಟ್ಟಿಕೊಳ್ಳದವನು ಕಸುಬುದಾರನಲ್ಲ. ಇಂದ್ರಪ್ರಸ್ಥದ ಅರಸನಿಗೆ ಈ ಎಚ್ಚರವಿರಲಿಲ್ಲ. ಅವನಿಗೆ ಎದುರಾಗಿ ಕುಳಿತವನು ಶಕುನಿ, ಪಣದ ರತ್ನಧನಗಳನ್ನು ಕೊಡುವವನು ದುರ್ಯೋಧನ. ಒಬ್ಬನ ಪರವಾಗಿ ಮತ್ತೊಬ್ಬನು ಆಡುವುದು ವಿಷಮವೆಂದು ಧರ್ಮರಾಯನೇ ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಆಡುತ್ತಾನೆ. ಕೈಚಳಕ ತನ್ನದು, ಗಂಟು ಇನ್ನೊಬ್ಬನದು ಎಂಬ ಶಕುನಿಯ ಸ್ಥಾನಕ್ಕಿಂತ ನಿರ್ಭಯವಾದ ಸ್ಥಾನ ಜೂಜಿನ ಲೋಕದಲ್ಲಿ ಬೇರೊಂದಿಲ್ಲ.

ಸಭೆಯ ಅರಸನಿಗೂ ಮತ್ಸ್ಯನಗರದ ಕಸುಬುದಾರನಿಗೂ ನಡುವೆ ಏನು ನಡೆಯಿತು? ಸಂಪ್ರದಾಯದ ಉತ್ತರ ಎಲ್ಲರಿಗೂ ತಿಳಿದದ್ದೆ: ವನವಾಸದಲ್ಲಿ ಬೃಹದಶ್ವ ಮುನಿ ಬಂದು ನಳೋಪಾಖ್ಯಾನವನ್ನು ಹೇಳಿ, ಧರ್ಮರಾಯನಿಗೆ ಅಕ್ಷಹೃದಯವನ್ನು ಉಪದೇಶಿಸಿದನು. ಆದರೆ ವಿದ್ಯೆ ಬಂದ ಮಾತ್ರಕ್ಕೆ ಹಣ ಉಳಿಯುವುದೆ? ಈ ಪ್ರಶ್ನೆಯನ್ನು ಶಾಸ್ತ್ರವಾಗಿ ಬೆಳೆಸಿದವರು ಇಪ್ಪತ್ತನೆಯ ಶತಮಾನದ ಇಬ್ಬರು ಅಮೆರಿಕನರು. ಅವರ ಬರಹದ ಬೆಳಕಿನಲ್ಲಿ ನಮ್ಮ ಕಥೆಗಳನ್ನು ಮತ್ತೊಮ್ಮೆ ಓದುವುದು, ಆ ಕಥೆಗಳ ಬೆಳಕಿನಲ್ಲಿ ಅವರ ಬರಹವನ್ನೂ ತೂಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯವನು ಜಾನ್ ಕೆಲ್ಲಿ. ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಯಲ್ಲಿದ್ದ ಭೌತವಿಜ್ಞಾನಿ. 1965ರಲ್ಲಿ, 41ನೆಯ ವಯಸ್ಸಿನಲ್ಲೇ ತೀರಿಕೊಂಡನು. ಅವನು 1956ರಲ್ಲಿ ಆ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಬಂಧವನ್ನು ಪ್ರಕಟಿಸಿದನು. ಆಟದ ಫಲಿತಾಂಶ ಊರಿಗೆಲ್ಲ ತಿಳಿಯುವ ಮೊದಲೇ ಒಬ್ಬ ಜೂಜುಗಾರನಿಗೆ ಖಾಸಗಿ ತಂತಿಯೊಂದರಲ್ಲಿ ಬರುತ್ತದೆಂದು ಊಹಿಸಿ. ಆದರೆ ತಂತಿಯಲ್ಲಿ ಗದ್ದಲವಿದೆ, ಸುದ್ದಿ ಒಮ್ಮೊಮ್ಮೆ ತಪ್ಪಾಗಿ ಕೇಳುತ್ತದೆ. ಅವನು ತನ್ನ ಗಂಟಿನಲ್ಲಿ ಎಷ್ಟು ಪಾಲನ್ನು ಪಣವೊಡ್ಡಬೇಕು? ಇದೇ ಕೆಲ್ಲಿಯ ಪ್ರಶ್ನೆ. (1960ರ ದಶಕದ ಆರಂಭದವರೆಗೆ ನ್ಯೂಯಾರ್ಕಿನ ಹತ್ತಿಯ ಧಾರಣೆ ತಂತಿಯಲ್ಲಿ ಬರುವುದನ್ನೇ ಕಾದು ಅಂಕಿಯ ಜೂಜಾಡುತ್ತಿದ್ದ ಮುಂಬಯಿಯ ಹಳಬರಿಗೆ ಈ ಊಹೆಯನ್ನು ವಿವರಿಸಬೇಕಾಗಿಲ್ಲ.) ಉತ್ತರ ಸರಳವಾದುದು: ಸಮಪಣದ ಆಟದಲ್ಲಿ, ಗೆಲ್ಲುವ ಸಂಭವದಿಂದ ಸೋಲುವ ಸಂಭವವನ್ನು ಕಳೆದರೆ ಎಷ್ಟು ಉಳಿಯುವುದೊ ಅಷ್ಟೇ ಪಾಲು. ನೂರಕ್ಕೆ 60 ಸಲ ಗೆಲ್ಲುವವನು ಪ್ರತಿ ಸಲವೂ ತನ್ನಲ್ಲಿ ಆಗ ಇರುವುದರ 20 ಪಾಲನ್ನಷ್ಟೆ ಒಡ್ಡಬೇಕು. 51 ಸಲ ಗೆಲ್ಲುವವನು ಬರಿಯ 2 ಪಾಲನ್ನು. ಮೇಲುಗೈ ಇಲ್ಲದವನು ಒಡ್ಡಬೇಕಾದುದು ಸೊನ್ನೆ.

ಇದರ ತೀಕ್ಷ್ಣತೆ ಅಂಕಿಗಳಿಲ್ಲದೆ ಮನಸ್ಸಿಗೆ ತಟ್ಟುವುದಿಲ್ಲವಾದಕಾರಣ ವಾಚಕರು ಒಂದು ನಿಮಿಷ ಪೆನ್ಸಿಲು ಹಿಡಿಯಬೇಕೆಂದು ಬೇಡುತ್ತೇನೆ. ನಾಲ್ವರು ತಲಾ 1000 ರೂಪಾಯಿಗಳೊಡನೆ ಕುಳಿತಿದ್ದಾರೆ. ನಾಲ್ವರ ಅದೃಷ್ಟವೂ ಒಂದೇ: ಹತ್ತು ಆಟಗಳಲ್ಲಿ ಆರು ಗೆಲುವು, ನಾಲ್ಕು ಸೋಲು. ಪ್ರತಿ ಸಲವೂ ತನ್ನಲ್ಲಿರುವುದರ ಐದನೆಯ ಒಂದು ಪಾಲನ್ನು ಒಡ್ಡಿದವನು ಏಳುವಾಗ ಅವನಲ್ಲಿ 1223 ರೂಪಾಯಿ. ಐದನೆಯ ಎರಡು ಪಾಲನ್ನು ಒಡ್ಡಿದವನಲ್ಲಿ 976. ಐದನೆಯ ನಾಲ್ಕು ಪಾಲನ್ನು ಒಡ್ಡಿದವನಲ್ಲಿ 54. ಎಲ್ಲವನ್ನೂ ಒಡ್ಡಿದವನು ಮೊದಲ ಸೋಲಿಗೇ ಎದ್ದುಹೋಗಿದ್ದಾನೆ. ಸೋಲು ಗೆಲುವುಗಳು ಯಾವ ಕ್ರಮದಲ್ಲಿ ಬಂದರೂ ಫಲ ಇಷ್ಟೆ. ಒಂದೇ ವಿದ್ಯೆ, ಒಂದೇ ದೈವ. ಗತಿ ಮಾತ್ರ ನಾಲ್ಕು. ದೈವವನ್ನು ಹಳಿಯುವ ನಮ್ಮ ದ್ಯೂತಸಾಹಿತ್ಯದ ಬಹುಭಾಗಕ್ಕೆ ಇದಕ್ಕಿಂತ ತಣ್ಣನೆಯ ಟೀಕೆ ಬೇರೆ ಬೇಕಾಗಿಲ್ಲ.

ಎರಡನೆಯವನು ಎಡ್ವರ್ಡ್ ಥೋರ್ಪ್, ಗಣಿತದ ಅಧ್ಯಾಪಕ. ಇಪ್ಪತ್ತೊಂದರ ಇಸ್ಪೀಟಾಟದಲ್ಲಿ ಬಿದ್ದುಹೋದ ಎಲೆಗಳ ಎಣಿಕೆ ಇಟ್ಟರೆ, ಉಳಿದ ಕಟ್ಟು ಯಾವಾಗ ತನಗೆ ಅನುಕೂಲವಾಗಿದೆಯೆಂಬುದು ತಿಳಿಯುತ್ತದೆಂದು ಅವನು ಲೆಕ್ಕಹಾಕಿ ತೋರಿಸಿದನು. 1961ರಲ್ಲಿ ನೆವಾಡಾದ ಜೂಜುಗೃಹಗಳಿಗೆ ಹೋಗಿ ಪರೀಕ್ಷಿಸಿದನು. 1962ರಲ್ಲಿ 'ಬೀಟ್ ದ ಡೀಲರ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಅವನಿಗೆ ಹಣ ಹೂಡಲು ಬಂದವರಿಬ್ಬರು. ಪುಸ್ತಕದಲ್ಲಿ ಅವರು ಶ್ರೀ ಎಕ್ಸ್ ಮತ್ತು ಶ್ರೀ ವೈ. ಅವರು ಲಕ್ಷ ಡಾಲರುಗಳನ್ನು ಕೊಡಲು ಸಿದ್ಧರಿದ್ದರೂ ಥೋರ್ಪ್ ಹತ್ತು ಸಾವಿರ ಸಾಕೆಂದನು. ಮೊದಮೊದಲು ಸಣ್ಣ ಪಣಗಳನ್ನೇ ಒಡ್ಡಿದನು. ಕೈ ಪಳಗಿದ ಮೇಲೆ ಕೆಲ್ಲಿಯ ಸೂತ್ರದ ಜಾಡಿನಲ್ಲಿ ಪಣವನ್ನು ಏರಿಸಿ, ಗಂಟನ್ನು ಎರಡರಷ್ಟಕ್ಕಿಂತ ತುಸು ಹೆಚ್ಚಿಗೆ ಬೆಳೆಸಿ ಹಿಂದಿರುಗಿದನು.

ಸಾಹಿತ್ಯಕೃತಿಯಾಗಿ ಈ ಪುಸ್ತಕ ನೀರಸ, ಪುಟಪುಟಕ್ಕೂ ಕೋಷ್ಟಕಗಳು. ಆದರೆ ನೀರಸತೆಯೇ ಅದರ ಸತ್ಯವೆಂದು ನನ್ನ ಅಭಿಪ್ರಾಯ. ಜೂಜಿನ ಕಥೆಗಳಲ್ಲೆಲ್ಲ ಒಂದು ಮಹಾರಾತ್ರಿಯಿರುತ್ತದೆ, ಒಂದು ಕೊನೆಯ ಪಣವಿರುತ್ತದೆ. ಇಲ್ಲಿ ಕೊನೆಯ ಪಣವೆಂಬುದೇ ಇಲ್ಲ. ಕಸುಬುದಾರನಿಗೆ ಇಂದಿನ ಪಣಕ್ಕಿಂತ ನಾಳೆ ಆಡಲು ಉಳಿದಿರುವ ಗಂಟು ದೊಡ್ಡದು. 2017ರಲ್ಲಿ ಬಂದ ಅವನ ಆತ್ಮಕಥೆ 'ಎ ಮ್ಯಾನ್ ಫಾರ್ ಆಲ್ ಮಾರ್ಕೆಟ್ಸ್' ಇದಕ್ಕಿಂತ ರುಚಿಕರವಾದ ಓದು. ರುಚಿಗಾಗಿ ಕಥೆಯ ಒಪ್ಪ ತುಸು ಹೆಚ್ಚಾಗಿದೆಯೆಂದೂ ಅನ್ನಿಸಿತು.

ಈಗ ಸಭಾಪರ್ವಕ್ಕೆ ಮರಳೋಣ. ಧರ್ಮರಾಯನ ಪಣಗಳು ಹಾರದಿಂದ ರಥಕ್ಕೆ, ರಥದಿಂದ ಆನೆಕುದುರೆಗಳಿಗೆ, ಅವುಗಳಿಂದ ಕೋಶಕ್ಕೆ, ನಾಡಿಗೆ, ನಕುಲನಿಂದ ಮೊದಲ್ಗೊಂಡು ತಮ್ಮಂದಿರಿಗೆ, ಕೊನೆಗೆ ತನಗೂ ಪಾಂಚಾಲಿಗೂ ಏರುತ್ತ ಹೋಗುತ್ತವೆ. ಗಂಟು ಇಳಿದಂತೆ ಪಣವನ್ನು ಇಳಿಸುವುದು ಕೆಲ್ಲಿಯ ಕಟ್ಟಳೆ. ಇಲ್ಲಿ ಗಂಟು ಇಳಿದಂತೆ ಪಣ ಏರುತ್ತದೆ. ಇದನ್ನು ವ್ಯಸನವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ವನಪರ್ವದಲ್ಲಿ ಭೀಮನು ಚುಚ್ಚಿ ನುಡಿದಾಗ ಧರ್ಮರಾಯನು ಕೊಡುವ ಉತ್ತರವನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ದುರ್ಯೋಧನನ ರಾಜ್ಯವನ್ನು ಕಸಿದುಕೊಳ್ಳುವ ಆಸೆಯಿಂದಲೇ ತಾನು ಜೂಜಿಗೆ ಕೈಹಾಕಿದೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ದಾಳಗಳು ಶಕುನಿಯ ಇಚ್ಛೆಯಂತೆ ಬೀಳುತ್ತಿದ್ದುದನ್ನು ಕಂಡೆ, ಆಗ ಮನಸ್ಸನ್ನು ತಡೆಯಬಹುದಾಗಿತ್ತು, ಆದರೆ ಕೋಪವು ಧೈರ್ಯವನ್ನು ಕೆಡಿಸಿತು ಎಂಬುದು ಅವನ ಮಾತಿನ ತಾತ್ಪರ್ಯ. ಗೆಲ್ಲುವ ಸಂಭವ ಸೊನ್ನೆಯೆಂದು ಕಣ್ಣಾರೆ ಕಂಡ ಮೇಲೂ ಎದ್ದು ಬಾರದಿದ್ದುದು ಅಜ್ಞಾನವಲ್ಲ, ವಿಧಿಯೂ ಅಲ್ಲ, ಸೋಲಿನ ಸಿಟ್ಟು. ಸೋತು ಸಿಟ್ಟಾದವನು ಕಳೆದುದನ್ನು ಒಂದೇ ಏಟಿಗೆ ಹಿಂದಕ್ಕೆ ತರಲು ಪಣವನ್ನು ಹಿಗ್ಗಿಸುವುದು ಇಂದಿನ ಜೂಜುಗೃಹಗಳಲ್ಲೂ ಶೇರುಪೇಟೆಯಲ್ಲೂ ಕಾಣುವ ಖಾಯಿಲೆ. ಅದರ ನಿದಾನವನ್ನು ರೋಗಿಯ ಬಾಯಿಂದಲೇ ಹೇಳಿಸಿದ ಕೀರ್ತಿ ವ್ಯಾಸರಿಗೆ ಸಲ್ಲಬೇಕು.

ಇದೇ ಜಾಗದಲ್ಲಿ ದಾಸ್ತಯೇವ್‌ಸ್ಕಿಯನ್ನು ನೆನೆಯದೆ ವಿಧಿಯಿಲ್ಲ. ಸಾಲದ ಕರಾರಿನ ಗಡುವು ಕತ್ತಿಗೆ ಬಂದಿದ್ದಾಗ, 1866ರ ಅಕ್ಟೋಬರಿನಲ್ಲಿ, 26 ದಿನಗಳಲ್ಲಿ ಬರೆಯಿಸಿ ಮುಗಿಸಿದ 'ಜೂಜುಗಾರ' ಕಾದಂಬರಿಯಲ್ಲಿ ಅವನು ಚಿತ್ರಿಸಿದುದು ತನ್ನದೇ ರೋಗವನ್ನು. ತಲೆ ಕೆಡಿಸಿಕೊಳ್ಳದೆ ಪ್ರತಿ ಕ್ಷಣವೂ ಮನಸ್ಸನ್ನು ಬಿಗಿಹಿಡಿದರೆ ಗೆಲುವು ನಿಶ್ಚಯವೆಂದು ಅವನು ಪತ್ರಗಳಲ್ಲಿ ನಂಬಿಕೆಯಿಂದ ಬರೆದದ್ದುಂಟು. ಇದು ಭ್ರಮೆ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳು; ಸೊನ್ನೆಯ ಮನೆಯ ದೆಸೆಯಿಂದ ಪ್ರತಿ ನೂರರಲ್ಲಿ ಸರಾಸರಿ 2.7 ಪಾಲು ಗೃಹದ ಯಜಮಾನನದು. ಚಿತ್ತಶಾಂತಿಯಿಂದ ಆಡಿದವನು ಶಾಂತವಾಗಿ ಸೋಲುತ್ತಾನೆ, ಅಷ್ಟೆ. ಮೇಲುಗೈ ಇಲ್ಲದ ಕಡೆ ಸಂಯಮವೆಂಬುದು ನಿಧಾನವಾದ ದಿವಾಳಿ. ಧರ್ಮರಾಯನಿಗೆ ಇದ್ದ ಕೊರತೆ ಎರಡು, ವಿದ್ಯೆ ಮತ್ತು ಶಮ. ದಾಸ್ತಯೇವ್‌ಸ್ಕಿ ಎರಡನೆಯದೊಂದನ್ನೇ ಕಂಡನು. ಗೃಹದ ಪಾಲನ್ನು ನಮ್ಮ ಕೌಟಿಲ್ಯನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: ಗೆದ್ದ ಧನದಲ್ಲಿ ನೂರಕ್ಕೆ ಐದು ದ್ಯೂತಾಧ್ಯಕ್ಷನಿಗೆ ಸಲ್ಲಬೇಕು. ಜೂಜುಗಾರರು ಬಹುಮಟ್ಟಿಗೆ ಮೋಸಗಾರರೆಂಬ ಎಚ್ಚರವನ್ನೂ ಅವನು ಕೊಟ್ಟಿದ್ದಾನೆ. ಅವನಲ್ಲಿ ಕಾವ್ಯವಿಲ್ಲ, ಲೆಕ್ಕವಿದೆ.

ಇನ್ನು ನಳನ ಕಥೆ. ಕನಕದಾಸರ ನಳಚರಿತ್ರೆಯಿಂದ ಕನ್ನಡದ ಮನೆಮನೆಗೂ ಪರಿಚಿತವಾದ ಈ ಕಥೆಯ ಮೂಲದಲ್ಲಿ ಒಂದು ಅಪೂರ್ವ ಪ್ರಸಂಗವಿದೆ. ಬಾಹುಕನಾಗಿ ಮಾರುವೇಷದಲ್ಲಿದ್ದ ನಳನು ಋತುಪರ್ಣನ ರಥವನ್ನು ವಿದರ್ಭಕ್ಕೆ ಓಡಿಸುತ್ತಿದ್ದಾಗ ದಾರಿಯಲ್ಲೊಂದು ತಾರೆಯ ಮರ ಎದುರಾಗುತ್ತದೆ. ಋತುಪರ್ಣನು ಕಣ್ಣುಹಾಯಿಸಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇವೆಯೆಂದು ಹೇಳಿಬಿಡುತ್ತಾನೆ. ಹೊತ್ತಾಗುತ್ತದೆಂದು ಅರಸನು ಅವಸರಪಡಿಸಿದರೂ ಕೇಳದೆ ನಳನು ರಥ ನಿಲ್ಲಿಸಿ, ಮರ ಕಡಿದು, ಕಾಯಿಗಳನ್ನು ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿದೆ. ಮರವೂ ಯಾವುದೊ ಮರವಲ್ಲ. ವೇದಕಾಲದ ಜೂಜಿನ ಕಾಯಿ ಇದರದೇ. ಸಂಭಾವ್ಯತೆಯ ಇತಿಹಾಸವನ್ನು ಬರೆದ ಇಯಾನ್ ಹ್ಯಾಕಿಂಗ್ 1975ರ ತನ್ನ ಗ್ರಂಥದಲ್ಲಿ ಈ ಪ್ರಸಂಗವನ್ನು ವಿಶೇಷವಾಗಿ ಎತ್ತಿಕೊಂಡಿದ್ದಾನೆ. ಯುರೋಪಿನಲ್ಲಿ ಪಾಸ್ಕಲ್ ಮತ್ತು ಫೆರ್ಮಾ ಜೂಜಿನ ಪಣದ ಹಂಚಿಕೆಯನ್ನು ಕುರಿತು ಪತ್ರ ಬರೆದುಕೊಂಡುದು 1654ರಲ್ಲಿ. ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ದಾಳದ ವಿದ್ಯೆಯನ್ನೂ ಎಣಿಕೆಯ ವಿದ್ಯೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕಥೆ ನಮ್ಮಲ್ಲಿತ್ತು. ಇದರಿಂದ ಸಂಭಾವ್ಯತಾಶಾಸ್ತ್ರವೇ ನಮ್ಮಲ್ಲಿತ್ತೆಂದು ಹೆಮ್ಮೆಪಡುವವರೊಡನೆ ನಾನು ಸೇರಲಾರೆ, ಕಥೆಯಿದೆ, ಸೂತ್ರವಿಲ್ಲ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ನಳನ ಮುಂದಿನ ನಡೆ. ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದು ಅವನು ಪುಷ್ಕರನ ಬಳಿಗೆ ಹೋಗುತ್ತಾನೆ. ಜೂಜು, ಇಲ್ಲವೆ ದ್ವಂದ್ವಯುದ್ಧ, ಎರಡರಲ್ಲೊಂದನ್ನು ಆರಿಸಿಕೊ ಎನ್ನುತ್ತಾನೆ. ಒಂದೇ ಪಣದಲ್ಲಿ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಆ ಪಣದಲ್ಲಿ ಅವನು ಒಡ್ಡಿದುದು ತಾನು ಗಳಿಸಿದ ಧನವೆಲ್ಲವನ್ನೂ ದಮಯಂತಿಯನ್ನೂ! ಹಿಂದೆ ಎಲ್ಲವನ್ನೂ ಸೋತಾಗ ದಮಯಂತಿಯನ್ನು ಪಣವಾಗಿಡೆಂದು ಪುಷ್ಕರನು ಕೆಣಕಿದ್ದರೂ ಇಡದೆ ಎದ್ದು ಹೋದವನು ಇವನೇ. ಆಗ ಒಡ್ಡದಿದ್ದವಳನ್ನು ಈಗ ಒಡ್ಡಿದುದಕ್ಕೆ ಸಮಾಧಾನವೇನು? ಕೆಲ್ಲಿಯ ಪ್ರಬಂಧದಲ್ಲಿ ಇದಕ್ಕೆ ಉತ್ತರ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ತಂತಿಯಲ್ಲಿ ಗದ್ದಲವೇ ಇಲ್ಲದಿದ್ದರೆ ಜೂಜುಗಾರನು ಪ್ರತಿ ಸಲವೂ ತನ್ನ ಸರ್ವಸ್ವವನ್ನೇ ಒಡ್ಡಬೇಕು ಎಂಬುದು ಆ ಪ್ರಬಂಧದ ಮೊದಲನೆಯ ಉದಾಹರಣೆ. ಅಕ್ಷಹೃದಯವೆಂದರೆ ಗದ್ದಲವಿಲ್ಲದ ತಂತಿ. ಆದಕಾರಣ ನಳನದು ಸಾಹಸವಲ್ಲ, ವಸೂಲಿ. ಲೆಕ್ಕ ಹೀಗೆ ಸರಿಹೋದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಗೆಲುವು ನಿಶ್ಚಿತವೆಂದು ಬಲ್ಲವನು ನಳ, ಪಣವಾದವಳು ದಮಯಂತಿ. ಅವಳಿಗೆ ಆ ನಿಶ್ಚಯವನ್ನು ಯಾರಾದರೂ ತಿಳಿಸಿದರೆ? ಕವಿ ಹೇಳುವುದಿಲ್ಲ. ಗೆದ್ದ ಮೇಲೆ ಪುಷ್ಕರನಿಗೆ ಅವನ ಪಾಲನ್ನು ಕೊಟ್ಟು ಕಳುಹಿಸುವ ಔದಾರ್ಯವನ್ನು ಮಾತ್ರ ಹೇಳುತ್ತಾನೆ.

ಕೆಲ್ಲಿ ಮತ್ತು ಥೋರ್ಪರ ಶಾಸ್ತ್ರದ ಮಿತಿಯೂ ಇಲ್ಲೇ ಇದೆ. ಈ ಲೋಕದಲ್ಲಿ ಗದ್ದಲವಿಲ್ಲದ ತಂತಿಯಿಲ್ಲ. ತನ್ನ ಮೇಲುಗೈ ಎಷ್ಟೆಂಬುದನ್ನು ಮನುಷ್ಯನು ಅಂದಾಜಿನಿಂದಲೇ ತಿಳಿಯಬೇಕು, ಅಂದಾಜು ತನ್ನ ಪರವಾಗಿಯೇ ವಾಲುವುದು ಸಹಜ. ಅದಕ್ಕೆಂದೇ ಅನುಭವಿಗಳು ಕೆಲ್ಲಿ ಹೇಳಿದುದರ ಅರ್ಧವನ್ನಷ್ಟೆ ಒಡ್ಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಹತ್ತನೆಯ ಒಂದು ಪಾಲನ್ನು ಒಡ್ಡಿದವನ 1000 ರೂಪಾಯಿ ಹತ್ತು ಆಟಗಳಲ್ಲಿ 1162 ಆಗುತ್ತದೆ. ಬೆಳವಣಿಗೆಯ ಮುಕ್ಕಾಲು ಪಾಲು ಉಳಿಯಿತು. ಗಂಟು ಎಂದಾದರೊಮ್ಮೆ ಅರ್ಧಕ್ಕೆ ಇಳಿಯುವ ಸಂಭವವಾದರೊ, ಪೂರ್ಣ ಪಣದಲ್ಲಿ ಸುಮಾರು ಎರಡರಲ್ಲಿ ಒಂದು, ಅರ್ಧ ಪಣದಲ್ಲಿ ಸುಮಾರು ಎಂಟರಲ್ಲಿ ಒಂದು. ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ ಈ ಸೂತ್ರವನ್ನೇ ಒಪ್ಪದೆ, ಗಂಟಿನ ಬೆಳವಣಿಗೆಯೇ ಎಲ್ಲರ ಗುರಿಯಲ್ಲವೆಂದು ವಾದಿಸಿದನು. 1979ರಲ್ಲಿ ಅವನು ಬರೆದ ಖಂಡನಲೇಖನ, ಕೊನೆಯ ಪದವೊಂದನ್ನುಳಿದು, ಏಕಾಕ್ಷರೋಚ್ಚಾರದ ಇಂಗ್ಲಿಷ್ ಪದಗಳಲ್ಲೇ ಇದೆ. ಎದುರಾಳಿಗಳನ್ನು ಶಾಲೆಯ ಮಕ್ಕಳಂತೆ ಕಾಣುವ ಈ ಚೇಷ್ಟೆ ಪಂಡಿತರಿಗೆ ಒಪ್ಪುವಂಥದಲ್ಲ. ಆದರೆ ವಾದದಲ್ಲಿ ಹುರುಳಿದೆ. ಮೂರು ತಿಂಗಳ ಬಾಡಿಗೆಯಷ್ಟೆ ಗಂಟಿನಲ್ಲಿರುವವನಿಗೂ ಮೂರು ತಲೆಮಾರಿನ ಆಸ್ತಿಯುಳ್ಳವನಿಗೂ ಅರ್ಧ ಗಂಟು ಕಳೆದುಹೋಗುವುದು ಒಂದೇ ಸಂಗತಿಯಲ್ಲ. ಟ್ರಂಕೊಂದನ್ನು ಹಿಡಿದು ಬೋರಿಬಂದರಿನಲ್ಲಿ ಇಳಿದ ನಮ್ಮ ಹಿರಿಯರು ಇದನ್ನು ಯಾವ ಸೂತ್ರದ ನೆರವೂ ಇಲ್ಲದೆ ಬಲ್ಲವರಾಗಿದ್ದರು.

ಪ್ರಾಸಂಗಿಕವಾಗಿ ಒಂದು ತೀರ್ಪನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯ ಪದಬಂಧ ಸ್ಪರ್ಧೆಗಳಿಗೆ ಮುಂಬಯಿ ಸರ್ಕಾರ ತೆರಿಗೆ ಹಾಕಿದುದರಿಂದ ಹುಟ್ಟಿದ ಚಮಾರ್‌ಬಾಗ್‌ವಾಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ, ಜೂಜು ವ್ಯಾಪಾರವಲ್ಲ, ಆದುದರಿಂದ ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದು ನಿರ್ಣಯಿಸಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸರು ತಮ್ಮ ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಸೂಕ್ತವನ್ನೂ ರಾಜ್ಯ ಕಳೆದುಕೊಂಡ ಪಾಂಡವರನ್ನೂ ಉದಾಹರಿಸಿದ್ದಾರೆ. ನ್ಯಾಯಪೀಠವು ಸಾಹಿತ್ಯವನ್ನು ಸಾಕ್ಷಿಗೆ ಕರೆದುದು ಸಂತೋಷದ ವಿಷಯ. ಆದರೆ ಸಾಕ್ಷಿಯ ಹೇಳಿಕೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತೆಂದು ವಿಮರ್ಶಕನು ಹೇಳಬೇಕಾಗುತ್ತದೆ. ಸಭಾಪರ್ವದ ಧರ್ಮರಾಯನು ಸಾಕ್ಷಿಕಟ್ಟೆಗೆ ಬಂದನು. ವಿರಾಟಪರ್ವದ ಕಂಕನನ್ನು ಯಾರೂ ಕರೆಯಲಿಲ್ಲ. ಇಸ್ಪೀಟಿನ ರಮ್ಮಿಯಾಟವು ಪ್ರಧಾನವಾಗಿ ಕೌಶಲದ ಆಟವೆಂದು 1968ರಲ್ಲಿ, ಕುದುರೆಜೂಜೂ ಹಾಗೆಯೇ ಎಂದು 1996ರಲ್ಲಿ, ಅದೇ ನ್ಯಾಯಾಲಯ ಹೇಳಿತು. ವಿದ್ಯೆಗೂ ದೈವಕ್ಕೂ ನಡುವೆ ಗೆರೆ ಎಳೆಯುವ ಕೆಲಸ ಅಲ್ಲಿಗೆ ಮುಗಿಯಲಿಲ್ಲ.

ಕಂಕನನ್ನು ಕರೆದಿದ್ದರೆ ಅವನು ಏನು ಹೇಳುತ್ತಿದ್ದನು? ಊಹಿಸಬೇಕಾಗಿಲ್ಲ, ಅವನ ಮಾತು ವಿರಾಟಪರ್ವದಲ್ಲೇ ಇದೆ. ಮಗ ಉತ್ತರನು ಕುರುಸೇನೆಯನ್ನು ಗೆದ್ದನೆಂಬ ಸುದ್ದಿ ಕೇಳಿ ಹಿಗ್ಗಿದ ವಿರಾಟನು ಪಗಡೆಯ ಹಾಸನ್ನು ತರಿಸುತ್ತಾನೆ. ಹರ್ಷದಿಂದ ಮೈಮರೆತವನೊಡನೆ ಜೂಜಾಡಬಾರದೆಂದು ಕೇಳಿದ್ದೇನೆ ಎಂದು ಕಂಕನು ಹಿಂಜರಿಯುತ್ತಾನೆ. ಕೋಪದಲ್ಲಿ ಆಡಿ ಕೆಟ್ಟವನು ಈಗ ಹರ್ಷವೂ ಅಷ್ಟೇ ಕೆಡುಕೆಂದು ಬಲ್ಲನು. ಯುಧಿಷ್ಠಿರನೆಂಬ ಅರಸನು ಜೂಜಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಕಳೆದುಕೊಂಡುದನ್ನು ನೀನು ಕೇಳಿರಬಹುದು ಎಂದು, ತನ್ನ ಕಥೆಯನ್ನೇ ಪರರ ಕಥೆಯಾಗಿ ಹೇಳುತ್ತಾನೆ. ಆದರೂ ಅರಸನ ಮನಸ್ಸಿದ್ದರೆ ಆಡೋಣವೆನ್ನುತ್ತಾನೆ. ಅನ್ನವಿಟ್ಟವನ ಇಚ್ಛೆಯನ್ನು ಮೀರುವ ಸ್ವಾತಂತ್ರ್ಯ ಕಸುಬುದಾರನಿಗಿಲ್ಲ. ಆಟದ ನಡುವೆ ಗೆಲುವು ಬೃಹನ್ನಳೆಯದೆಂದು ಅವನು ಮತ್ತೆ ಮತ್ತೆ ಹೇಳಿದಾಗ ವಿರಾಟನು ದಾಳವನ್ನೇ ಎತ್ತಿ ಅವನ ಮುಖಕ್ಕೆ ಬೀಸುತ್ತಾನೆ; ಮೂಗಿನಿಂದ ರಕ್ತ ಸುರಿಯುತ್ತದೆ; ಅದು ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆಯಲ್ಲಿ ಹಿಡಿಯುತ್ತಾಳೆ. ಅಜ್ಞಾತವಾಸದ ಅವಧಿಯುದ್ದಕ್ಕೂ ಅವನು ಎಷ್ಟು ಗೆದ್ದನು, ಯಾರ ಗಂಟಿನಿಂದ ಗೆದ್ದನು, ಪ್ರತಿ ಸಲ ಎಷ್ಟನ್ನು ಒಡ್ಡಿದನು, ಇವುಗಳ ಲೆಕ್ಕವನ್ನು ವ್ಯಾಸರು ಕೊಟ್ಟಿಲ್ಲ. ವಿರಾಟನಿಗೆ ತಿಳಿಯದಂತೆ ಎಂಬ ಒಂದು ಮಾತನ್ನು ಮಾತ್ರ ಬಿಟ್ಟುಹೋಗಿದ್ದಾರೆ. ಮಾಟುಂಗಾದ ಆ ರಾತ್ರಿ ವಿರಾಟನ ಅರ್ಥಧಾರಿಗಳು ಬೆರಳಿಟ್ಟುದು ಆ ಮಾತಿನ ಮೇಲೆಯೇ. ಕಂಕನ ಅರ್ಥಧಾರಿಗಳು ವೈರಾಗ್ಯದ ಮರೆಹೊಕ್ಕುದು ಏಕೆಂಬುದೂ ನನಗೆ ಈಗ ತಿಳಿಯುತ್ತದೆ.